ಬಣ್ಣ ಬಳಿಯೋ ಮುಂಚೆ ಮೂಲೆ ತೋರಿಸು ತಮ್ಮಾ

"ಅಣ್ಣಾ, ಕಾರು ಹೆಚ್ಚುಕಮ್ಮಿ ಮುಗೀತು. ನಾಳಿದ್ದು ಬಣ್ಣ ಹೊಡೀತೀನಿ. ಬಂದು ಒಂದು ಸುದ್ದಿ ಮಾಡಿ."

ಕಳೆದ ತಿಂಗಳು ಅಜ್ಜಂಪುರ ಕಡೆಯ ಹಳ್ಳಿಯಿಂದ ಬಂದ ಫೋನ್ ಇದು. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಹಳೇ ಮಾರುತಿ 800ರ ಇಂಜಿನ್, ಗೇರ್‌ಬಾಕ್ಸ್ ಗುಜರಿಯಿಂದ ತಂದಿದ್ದಾನೆ. ಚಾಸಿಯನ್ನು ಮನೆ ಹಿಂದಿನ ದನದ ಕೊಟ್ಟಿಗೆಯಲ್ಲಿ ಚೌಕ ಪೈಪಿನಲ್ಲಿ ತಾನೇ ವೆಲ್ಡ್ ಮಾಡಿ ಕಟ್ಟಿದ್ದಾನೆ. ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ.

ಇಂಥ ಸುದ್ದಿ ನಮಗೆ ಹಬ್ಬದೂಟ. "ಹಳ್ಳಿ ಹೈದನ ಸಾಧನೆ" ಅಂತ ಶೀರ್ಷಿಕೆ ಕೊಟ್ಟು, ಹುಡುಗನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಒಂದು ಫೋಟೋ ಹೊಡೆದರೆ ಮುಗಿಯಿತು. ಕಡೂರು, ತರೀಕೆರೆ ಕಡೆ ಹೀಗೆ ನಾನೂ ಮೂರ್ನಾಲ್ಕು ಬರೆದಿದ್ದೇನೆ. ಕಳೆ ತೆಗೆಯುವ ಗಾಡಿ, ತೆಂಗಿನಕಾಯಿ ಸಾಗಿಸುವ ಮೂರು ಚಕ್ರದ ಗಾಡಿ, ಅಡಿಕೆ ತೋಟದೊಳಗೆ ಓಡುವ ಪುಟ್ಟ ಜೀಪು. ಒಂದರ ಕೆಳಗೂ ಬಗ್ಗಿ ನೋಡಿರಲಿಲ್ಲ.

ಈ ಸಲ ಬಗ್ಗಿದೆ. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಗೋಣಿಚೀಲ ಹಾಸಿಕೊಂಡು, ಮೊಬೈಲ್ ಟಾರ್ಚ್ ಹಾಕಿಕೊಂಡು ಕೆಳಗೆ ಮಲಗಿದೆ. ಮೇಲಿಂದ ಕಾಣುವ ವೆಲ್ಡಿಂಗ್ ಚೆನ್ನಾಗಿಯೇ ಇತ್ತು. ಆದರೆ ಮುಂದಿನ ಚಕ್ರದ ಹತ್ತಿರ ನಾಲ್ಕು ಪೈಪು ಒಂದೇ ಕಡೆ ಸೇರುವ ಜಾಗದಲ್ಲಿ, ಒಳಮೂಲೆಯಲ್ಲಿ, ಬೆಸುಗೆಯೇ ಇರಲಿಲ್ಲ. ಎರಡು ಕಡೆ ಉಂಡೆ ಉಂಡೆಯಾಗಿ ಕಬ್ಬಿಣ ಅಂಟಿಕೊಂಡಿತ್ತು. ಒಂದು ಕಡೆ ಸಂದಿಗೆ ರಾಡಿನ ಒಳಗಿನ ಕಂಬಿಯನ್ನೇ ತುರುಕಿ ಮೇಲೆ ಬೆಂಕಿ ಹಚ್ಚಿದ್ದ. ಇನ್ನೊಂದು ಕಡೆ ಪುಟ್ಟಿ ಮೆತ್ತಿದ್ದ.

"ಇದೇನಪ್ಪ?" ಅಂದೆ.

"ಅಲ್ಲಿ ಹೋಲ್ಡರ್ ಹೋಗಲ್ಲ ಅಣ್ಣ. ಹೆಂಗೂ ಕಾಣಲ್ವಲ್ಲ."

ಈ ಲೇಖನ ಆ ಮಾತಿಗೆ ನನ್ನ ಉತ್ತರ. ಅವನ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ. ನಮ್ಮ ಮೂರು ತಾಲ್ಲೂಕಿನ ಶೆಡ್ಡುಗಳಲ್ಲಿ ದಿನಾ ನಡೆಯೋದೇ ಅವನ ಕೊಟ್ಟಿಗೆಯಲ್ಲೂ ನಡೆದಿದೆ.

ನಮ್ಮ ಟ್ರೈಲರಿನ ಕಥೆ

ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಟ್ರ್ಯಾಕ್ಟರ್ ಟ್ರೈಲರ್ ಈರುಳ್ಳಿ ಚೀಲ ಹೊತ್ತು ಹೋಗುವಾಗ ಮುಂಭಾಗ ಕಳಚಿಕೊಂಡಿತು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂತಿ ಚೌಕಟ್ಟಿಗೆ ಸೇರುತ್ತದಲ್ಲ, ಆ ಮೂಲೆಯಲ್ಲೇ ಬಿಟ್ಟಿತ್ತು. ಚೀಲದ ಮೇಲೆ ಕೂತಿದ್ದ ಚಿಕ್ಕಪ್ಪ ಕೆಳಗೆ ಬಿದ್ದು ಕಾಲು ಮುರಿದುಕೊಂಡರು. ಈಗಲೂ ಕುಂಟುತ್ತಲೇ ತೋಟಕ್ಕೆ ಹೋಗುತ್ತಾರೆ.

ಮುರಿದ ಜಾಗವನ್ನು ಅವತ್ತು ನಾನು ನೋಡಿದ್ದೆ. ಹೊರಗಡೆ ಸಾಲು ಬೆಸುಗೆ ಮಲ್ಲಿಗೆ ದಂಡೆಯ ಹಾಗೆ ಅಂದವಾಗಿತ್ತು. ಒಳಮೂಲೆಯಲ್ಲಿ ಕಬ್ಬಿಣದ ಅಂಚು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು, ಕರಗಿಯೇ ಇರಲಿಲ್ಲ. ಮೇಲೆ ಪುಟ್ಟಿ, ಅದರ ಮೇಲೆ ನೀಲಿ ಬಣ್ಣ. ಒಳಗಡೆ ಎಷ್ಟೋ ದಿನದಿಂದ ಸೇರಿಕೊಂಡ ತುಕ್ಕು. ಅಂದರೆ ಆ ಮೂಲೆ ಆವತ್ತೇ ಮುರಿದದ್ದಲ್ಲ. ಮೊದಲಿಂದಲೂ ಅರ್ಧ ಬಿಟ್ಟಿದ್ದು, ತಿಂಗಳುಗಟ್ಟಲೆ ಒಂದೊಂದೇ ಎಳೆ ಸೀಳುತ್ತಾ ಬಂದು ಆವತ್ತು ಪೂರ್ತಿ ಕೈಬಿಟ್ಟಿತ್ತು.

ಯಾವ ಊರಿನ ಯಾವ ಶೆಡ್ಡು ಅಂತ ಹೇಳೋದಿಲ್ಲ. ಕೆಲಸ ಮಾಡಿದವರು ಮೋಸಗಾರರೂ ಅಲ್ಲ. ಹಾಗಾದರೆ ಯಾಕೆ ಹೀಗಾಗುತ್ತದೆ?

ಮೂಲೆಯೇ ಯಾಕೆ ಮುರಿಯುತ್ತೆ

ಎತ್ತಿನ ಗಾಡಿ ನೆನೆಸಿಕೊಳ್ಳಿ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸರಂಜಾಮು ಎಳೆದ ಎತ್ತುಗಳ ಸಂತತಿ ಅದು. ಅಂಥ ಎತ್ತು ಎಳೆಯುತ್ತಿದ್ದ ಮರದ ಗಾಡಿಯಲ್ಲಿ ಮೂಕಿ, ಅಚ್ಚು, ನೊಗ ಎಲ್ಲವೂ ತೂತು, ಗೂಟ, ಹಗ್ಗದಲ್ಲಿ ಕೂಡಿದ್ದವು. ಗುಂಡಿಗೆ ಬಿದ್ದರೆ ಗಾಡಿ ಕಿರ್ ಅನ್ನುತ್ತಿತ್ತು. ಆ ಸದ್ದು ಬರುತ್ತಿದ್ದುದು ಕೂಡಿಕೆ ಸ್ವಲ್ಪ ಸ್ವಲ್ಪ ಅಲುಗಾಡಿ ಪೆಟ್ಟನ್ನು ಹಂಚಿಕೊಳ್ಳುತ್ತಿದ್ದುದರಿಂದ.

ಬೆಸೆದ ಕಬ್ಬಿಣದ ಚೌಕಟ್ಟು ಅಲುಗಾಡಲ್ಲ. ಪೆಟ್ಟೆಲ್ಲ ಹೋಗಿ ಮೂಲೆಯಲ್ಲಿ ಸೇರುತ್ತದೆ. ಅಲ್ಲಿ ಕಬ್ಬಿಣದ ದಿಕ್ಕು ಥಟ್ಟನೆ ತಿರುಗುತ್ತದಲ್ಲ, ಅದಕ್ಕೆ. ಆ ತಿರುವಿನಲ್ಲೇ ಒಂದು ಸಣ್ಣ ಸಂದಿ ಉಳಿದರೆ ಬಿರುಕು ಹುಟ್ಟಲು ಅಷ್ಟು ಸಾಕು.

ಇದು ಹಳ್ಳಿ ಶೆಡ್ಡಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಲಿಬರ್ಟಿ ಅನ್ನುವ ಸರಕು ಹಡಗುಗಳನ್ನು ರಿವೆಟ್ ಬದಲು ಬೆಸುಗೆ ಹಾಕಿ 2,700ಕ್ಕೂ ಹೆಚ್ಚು ಕಟ್ಟಿದರು. ಅವುಗಳಲ್ಲಿ ಬಿರುಕು ಕಾಣಿಸಿಕೊಂಡಾಗ, ಎಷ್ಟೋ ಬಿರುಕು ಶುರುವಾದದ್ದು ಡೆಕ್ಕಿನ ಮೇಲಿನ ಚೌಕ ಬಾಗಿಲುಗಳ ಮೂಲೆಯಲ್ಲಿ ಅಂತ ಗೊತ್ತಾಯಿತು. ಚಳಿಗೆ ಪೆಡಸಾಗುವ ಉಕ್ಕು, ಬೆಸುಗೆಯ ದೋಷ, ಚೂಪು ಮೂಲೆ ಮೂರೂ ಸೇರಿಕೊಂಡಿದ್ದವು. ಆಮೇಲೆ ಮೂಲೆಗಳನ್ನು ದುಂಡಗೆ ಮಾಡಿ, ಬಲ ಕೊಟ್ಟು ಸರಿಪಡಿಸಿದರು.

ಇಂಥ ಮೂಲೆಯನ್ನು ಬೆಸೆಯೋದು ಇನ್ನೂ ಕಷ್ಟ. ಸಪಾಟು ಜಾಗದಲ್ಲಿ ರಾಡನ್ನು ಬೇಕಾದ ಹಾಗೆ ಓರೆ ಹಿಡಿಯಬಹುದು. ಇಕ್ಕಟ್ಟಿನಲ್ಲಿ ಹೋಲ್ಡರ್ ಪೈಪಿಗೆ ತಾಗುತ್ತದೆ. ಆಗ ಕೈ ಹಿಂದೆ ಸರಿಯುತ್ತದೆ, ಕಿಡಿ ಉದ್ದವಾಗುತ್ತದೆ, ಕಬ್ಬಿಣ ಬೇರಿನ ತನಕ ಕರಗದೆ ಮೇಲೆ ಮೇಲೆ ಕೂರುತ್ತದೆ. ಕಿಟ್ಟ ಹೊರಗೆ ಹರಿಯಲು ದಾರಿ ಇಲ್ಲದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಈಗಿನ ಸಣ್ಣ ಇನ್ವರ್ಟರ್ ಮಷೀನುಗಳು ಡಿಸಿ ಕರೆಂಟಿನವು. ಮೂಲೆಯಲ್ಲಿ ಕಬ್ಬಿಣದ ಕಾಂತಶಕ್ತಿಯೇ ಕಿಡಿಯನ್ನು ಅತ್ತಿತ್ತ ಎಳೆಯುವುದೂ ಉಂಟು. ಸಾಯಂಕಾಲ ಊರಿಗೆಲ್ಲ ದೀಪ ಹತ್ತಿ ವೋಲ್ಟೇಜ್ ಇಳಿದಾಗ ವೆಲ್ಡ್ ಮಾಡಿದರಂತೂ ಮೇಲೆ ಗುಡ್ಡೆ, ಒಳಗೆ ಪೊಳ್ಳು.

ಆಚಾರ್ರು ಹೇಳಿಕೊಟ್ಟದ್ದು

ನಾನು ವೆಲ್ಡರ್ ಅಲ್ಲ, ಡಿಪ್ಲೊಮಾ ಮಾಡಿದ್ದು ಪತ್ರಿಕೋದ್ಯಮದಲ್ಲಿ. ಹಾಗಾಗಿ ಹುಡುಗನನ್ನು ಬೈಕಿನಲ್ಲಿ ಕೂರಿಸಿಕೊಂಡು ತರೀಕೆರೆಯ ಒಬ್ಬ ಹಿರಿಯ ಆಚಾರ್ರ ಹತ್ತಿರ ಹೋದೆ. ಭದ್ರಾವತಿ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿ ಕೈ ಪಳಗಿಸಿಕೊಂಡವರು. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಆ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದಲೇ. ಕಬ್ಬಿಣದ ಕೆಲಸ ಈ ಸೀಮೆಗೆ ಹೊಸತೇನಲ್ಲ.

ಆಚಾರ್ರು ಫೋಟೋ ನೋಡಿದವರೇ ಕೇಳಿದರು: "ಯಾವ ಪೈಪು ಮೊದಲು ಕೂರಿಸ್ದೆ, ಯಾವುದು ಆಮೇಲೆ?"

ಹುಡುಗನಿಗೆ ಉತ್ತರ ತಿಳಿಯಲಿಲ್ಲ. ಎಲ್ಲ ಪೈಪನ್ನೂ ಮೊದಲು ನಿಲ್ಲಿಸಿ, ಆಮೇಲೆ ಕೈಗೆ ಸಿಕ್ಕಿದ ಕಡೆಯಿಂದ ಬೆಸೆಯುತ್ತಾ ಹೋಗಿದ್ದ.

"ಅಲ್ಲೇ ತಪ್ಪಿದ್ದು ಮಗ. ಇಕ್ಕಟ್ಟು ಮೂಲೆ ಬೆಸೆಯೋ ಜಾಣತನ ಕೈಯಲ್ಲಿಲ್ಲ. ಮೂಲೆ ಇಕ್ಕಟ್ಟಾಗೋ ಮುಂಚೆ ಬೆಸೀಬೇಕು."

ಅಂದರೆ ಮೂರು ಪೈಪು ಸೇರಿರುವಾಗ, ನಾಲ್ಕನೆಯದು ಬಂದು ದಾರಿ ಮುಚ್ಚುವ ಮುಂಚೆಯೇ, ಒಳಗಿನ ಸಂದಿಯನ್ನು ಪೂರ್ತಿ ಮುಗಿಸಬೇಕು. ಹೀಗೆ ಮಾಡಲು ಮೊದಲೇ ಕಾಗದದ ಮೇಲೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿಕೊಳ್ಳಬೇಕು. ಹಾಗಂತ ಮೊದಲ ಮೂಲೆಯನ್ನೇ ಪೂರ್ತಿ ಸುಟ್ಟು ಕೂತರೆ ಚೌಕಟ್ಟು ಸೊಟ್ಟಗಾಗುತ್ತದೆ. ಅದಕ್ಕೆ ಮೊದಲು ಎಲ್ಲ ಕಡೆ ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳತೆ ಎರಡೂ ಸಮ ಇದೆಯಾ ನೋಡಿ, ಆಮೇಲೆ ಅಡ್ಡ ಬರುವ ಪೈಪನ್ನು ಬಿಚ್ಚಿ ಪಕ್ಕಕ್ಕಿಟ್ಟು ಒಳಸಂದಿ ಬೆಸೆಯಬೇಕು. ಒಂದೇ ಕಡೆ ಕೂತು ಎಳೆಯದೆ ಆ ತುದಿ ಸ್ವಲ್ಪ, ಈ ತುದಿ ಸ್ವಲ್ಪ ಮಾಡಬೇಕು.

ಆಚಾರ್ರು ಹೇಳಿದ ಮಿಕ್ಕ ಮಾತುಗಳನ್ನು ನನ್ನ ಡೈರಿಯಿಂದ ಇಳಿಸುತ್ತಿದ್ದೇನೆ. ವೆಲ್ಡಿಂಗ್ ಮಾಡುವ ತಮ್ಮಂದಿರು ಗಮನವಿಟ್ಟು ಓದಿ.

ಪೈಪು ಸರಿಯಾಗಿ ಕೊಯ್ದು, ಸಂದಿ ಇಲ್ಲದ ಹಾಗೆ ಕೂರಿಸಿ. ಸಂದಿಗೆ ಕಂಬಿ ತುಂಬುವುದು ಬೆಸುಗೆ ಅಲ್ಲ, ಮುಚ್ಚಿಡೋದು.

16 ಗೇಜಿನ ಪೈಪು ಅಂದರೆ 1.6 ಮಿ.ಮೀ. ದಪ್ಪ ಅಷ್ಟೇ. ಅದಕ್ಕೆ 3.15ರ ರಾಡು ಹೆಚ್ಚಾಯಿತು, ತೂತು ಬೀಳುತ್ತದೆ. 2.5ರ ರಾಡು ತಗೊಳ್ಳಿ. ಕರೆಂಟ್ ಎಷ್ಟಿಡಬೇಕು ಅಂತ ರಾಡಿನ ಪ್ಯಾಕೆಟ್ ಮೇಲೇ ಬರೆದಿರುತ್ತದೆ.

ಇಕ್ಕಟ್ಟಿಗೆ ಉದ್ದ ರಾಡು ಬೇಡ. ಅರ್ಧ ಉರಿದ ರಾಡನ್ನು ಎತ್ತಿಟ್ಟುಕೊಳ್ಳಿ, ಕೈ ನಡುಗೋದು ಕಡಿಮೆ ಆಗುತ್ತದೆ. ರಾಡನ್ನು ಬಗ್ಗಿಸಿದರೆ ಮೇಲಿನ ಮದ್ದು ಉದುರುತ್ತದೆ. ಬಗ್ಗಿಸುವ ಬದಲು ಹೋಲ್ಡರಿನಲ್ಲೇ ಓರೆಯಾಗಿ ಸಿಕ್ಕಿಸಿ.

ಮೂಲೆಯಲ್ಲಿ ಶುರು ಮಾಡಬೇಡಿ, ಮೂಲೆಯಲ್ಲಿ ನಿಲ್ಲಿಸಲೂ ಬೇಡಿ. ಪಕ್ಕದಿಂದ ಹಿಡಿದು ಮೂಲೆ ಸುತ್ತಿ ಆಚೆ ಕಡೆಗೆ ಹೋಗಿ ನಿಲ್ಲಿಸಿ. ಶುರು ಮತ್ತು ಕೊನೆ ಎರಡೂ ಬೆಸುಗೆಯ ಬಲಹೀನ ಜಾಗಗಳು.

ಬಲಕ್ಕೆ ಅಂತ ತ್ರಿಕೋನ ಪಟ್ಟಿ ಕೊಡುತ್ತೀರಲ್ಲ, ಅದರ ಒಳಮೂಲೆಯನ್ನು ಒಂದಿಷ್ಟು ಕತ್ತರಿಸಿ ಕೂರಿಸಿ. ಪಟ್ಟಿಯ ಮೂಲೆ ಹಳೇ ಬೆಸುಗೆಯ ಮೇಲೆ ಕೂರೋದು ತಪ್ಪುತ್ತದೆ.

ಒಂದು ಸಾಲು ಮುಗಿದ ಮೇಲೆ ಕಿಟ್ಟವನ್ನು ಪೂರ್ತಿ ಕುಟ್ಟಿ, ಬ್ರಷ್ ಹಾಕಿ, ಆಮೇಲೆ ಎರಡನೇ ಸಾಲು. ಸುತ್ತಿಗೆ ಹೋಗದ ಕಡೆ ಹಳೇ ಉಳಿ ಹೋಗುತ್ತದೆ.

ಅಂದಕ್ಕೆ ಅಂತ ಗ್ರೈಂಡರ್ ಹಾಕಿ ಮೂಲೆಯ ಬೆಸುಗೆಯನ್ನು ಸಪಾಟು ಮಾಡಬೇಡಿ. ಉಜ್ಜಿ ಬೀಳಿಸೋದು ಅದರ ಶಕ್ತಿಯನ್ನೇ.

ಗಾಡಿ ಮೇಲೆ ಇಂಜಿನ್ ಇದ್ದರೆ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ದೂರ ಇಡಿ. ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಚಕ್ರದ ಬೇರಿಂಗಿನ ಮೂಲಕ ಹಾದು ಅದನ್ನು ಹಾಳು ಮಾಡಬಹುದು.

ಕೊನೆಯದಾಗಿ ಕಣ್ಣು. ಇಕ್ಕಟ್ಟಿನಲ್ಲಿ ಹೆಲ್ಮೆಟ್ ಹೋಗಲ್ಲ ಅಂತ ಕಣ್ಣು ಮುಚ್ಚಿಕೊಂಡು ಕಿಡಿ ಕೊಡುವ ಹುಡುಗರನ್ನು ನಾನೇ ನೋಡಿದ್ದೇನೆ. ಉರಿ ಶುರುವಾಗೋದು ಗಂಟೆಗಳ ನಂತರ, ರಾತ್ರಿ ಮಲಗಿದಾಗ. ಆಲೂಗಡ್ಡೆ, ಎದೆಹಾಲು ಅಂತ ಹಾಕಿಕೊಂಡು ಕೂರದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೆಲ್ಮೆಟ್ ಹೋಗದ ಜಾಗ ಇದ್ದರೆ ಕಟ್ಟುವ ಕ್ರಮವೇ ತಪ್ಪಾಗಿದೆ ಅಂತ ಅರ್ಥ.

ಗೊತ್ತಾಗೋದು ಹೇಗೆ?

ಬೆಸುಗೆ ಒಳಗೆ ಹಿಡಿದಿದೆಯೋ ಇಲ್ಲವೋ ಹೊರಗಿನಿಂದ ಕಾಣಲ್ಲ. ಎಂಜಿನಿಯರಿಂಗ್ ಕಾಲೇಜು ಹುಡುಗರಿಗೆ ಬಾಹಾ ಅಂತ ಒಂದು ಸ್ಪರ್ಧೆ ಇದೆ. ಗುಡ್ಡ, ಹಳ್ಳದಲ್ಲಿ ಓಡುವ ಗಾಡಿಯ ಚೌಕಟ್ಟನ್ನು ಅವರೇ ಕಟ್ಟಬೇಕು. ಆ ಸ್ಪರ್ಧೆಯಲ್ಲಿ ಬೆಸೆದವನು ಮಾದರಿ ತುಂಡುಗಳನ್ನೂ ಮಾಡಿ ತೋರಿಸಬೇಕು. ಒಂದನ್ನು ಮುರಿದು ನೋಡುತ್ತಾರೆ, ಇನ್ನೊಂದನ್ನು ಕೊಯ್ದು ಒಳಗಿನ ಕರಗುವಿಕೆ ನೋಡುತ್ತಾರೆ.

ಇದನ್ನು ಕೊಟ್ಟಿಗೆಯಲ್ಲೂ ಮಾಡಬಹುದು. ಅದೇ ಪೈಪಿನ ಚೂರು, ಅದೇ ಕೋನ, ಅದೇ ಕರೆಂಟು. ಬೆಸೆದು, ಆರಿದ ಮೇಲೆ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆಯಿರಿ. ಪೈಪು ನುಗ್ಗಾಗಿ ಬೆಸುಗೆ ಉಳಿದರೆ ಕೈ ಕುದುರಿದೆ ಅಂತ. ಬೆಸುಗೆಯೇ ಬಿಟ್ಟುಕೊಂಡರೆ ಗಾಡಿಯಲ್ಲೂ ಅದೇ ಆಗುತ್ತದೆ. ಎರಡೂ ಬದಿ ಕಾಣುವ ತಗಡು, ಪಟ್ಟಿ ಆದರೆ ಇನ್ನೊಂದು ಹಳೇ ಉಪಾಯ: ಒಂದು ಬದಿಗೆ ಸುಣ್ಣ ಬಳಿದು ಒಣಗಿಸಿ, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ಬಿಡಿ. ಆರುಪಾರು ಬಿರುಕಿದ್ದರೆ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಮತ್ತೆ ಬೆಸೆಯುವ ಮುಂಚೆ ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸುವುದು ಮರೆಯಬೇಡಿ.

ರಸ್ತೆಗೆ ತರಬಹುದಾ?

ಹುಡುಗ ಇದನ್ನೂ ಕೇಳಿದ. ಅವನ ಆಸೆ ತಂಗಿಯನ್ನು ದಿನಾ ಆ ಕಾರಿನಲ್ಲಿ ಅಜ್ಜಂಪುರದ ಕಾಲೇಜಿಗೆ ಬಿಡಬೇಕು ಅನ್ನೋದು.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಾರು ಕಟ್ಟುವುದು ದೊಡ್ಡ ಹವ್ಯಾಸ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನುವ ಪುಟ್ಟ ಕಾರಿನ ಮಾದರಿ ಹಿಡಿದು, 250 ಪೌಂಡಿನಲ್ಲಿ ಕಾರು ಕಟ್ಟೋದು ಹೇಗೆ ಅಂತ ರಾನ್ ಚಾಂಪಿಯನ್ ಅನ್ನುವವರು 1996ರಲ್ಲಿ ಪುಸ್ತಕವನ್ನೇ ಬರೆದರು. ಅದರಲ್ಲೂ ಇದೇ ಚೌಕ ಪೈಪಿನ ಚಾಸಿ. ಆದರೆ ಅಲ್ಲಿ ಒಬ್ಬನೇ ಕಟ್ಟಿದ ಒಂದೇ ಕಾರನ್ನೂ ಸರ್ಕಾರಿ ಪರೀಕ್ಷೆಗೆ ಒಯ್ದು, ಪಾಸಾದರೆ ರಸ್ತೆಗೆ ಇಳಿಸುವ ದಾರಿ ಇದೆ.

ನಮ್ಮಲ್ಲಿ ವಾಹನದ ಮಾದರಿಯನ್ನು ತಯಾರಕರು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು. ಕಂಪನಿಗಳಿಗೆ ಮಾಡಿದ ದಾರಿ ಅದು, ಕೊಟ್ಟಿಗೆಯ ಹುಡುಗನಿಗೆ ಅಲ್ಲ. ನೋಂದಣಿ ಇಲ್ಲದ ಗಾಡಿಗೆ ವಿಮೆಯೂ ಇಲ್ಲ. ಹಳೇ ಕಾರಿನ ಆರ್‌ಸಿ ಇಟ್ಟುಕೊಂಡು ಚಾಸಿ ಬದಲಿಸಿದರೂ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

ಸ್ವಂತ ಜಮೀನಿನಲ್ಲಿ ಓಡಿಸು, ಕಲಿ. ರಸ್ತೆಗೆ ಬೇಡ, ತಂಗಿಯನ್ನು ಕೂರಿಸಿಕೊಂಡಂತೂ ಬೇಡವೇ ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡ.

ಹಾಗಾದರೆ ತಪ್ಪು ಯಾರದು

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಒಪ್ಪದಿದ್ದವರು ಬೈಯಿರಿ.

ಮೊದಲ ತಪ್ಪು ನಾವು ಲೆಕ್ಕ ಹಾಕುವ ರೀತಿಯದು. ಗೇಟಿರಲಿ, ಶೆಡ್ಡಿರಲಿ, ಟ್ರೈಲರಿರಲಿ, ನಮ್ಮ ಕಡೆ ಹೆಚ್ಚಿನ ಕೆಲಸ ನಡೆಯೋದು ಕೆಜಿ ಲೆಕ್ಕದಲ್ಲಿ. ಇಷ್ಟು ಕೆಜಿ ಕಬ್ಬಿಣ, ಕೆಜಿಗೆ ಇಷ್ಟು ಮಜೂರಿ. ಒಳಮೂಲೆಯಲ್ಲಿ ಅರ್ಧ ಗಂಟೆ ಬಗ್ಗಿ ಕೂತು ಕಿಟ್ಟ ಕೆದಕಿದರೂ ತೂಕ ಒಂದು ಗುಲಗಂಜಿಯೂ ಏರಲ್ಲ. ಅಂದ ಮೇಲೆ ವೆಲ್ಡರ್ ಆ ಅರ್ಧ ಗಂಟೆಯನ್ನು ಯಾರ ದುಡ್ಡಿನಲ್ಲಿ ಮಾಡಬೇಕು? ನಾವು ಗಿರಾಕಿಗಳು ಚೌಕಾಸಿ ಮಾಡಿ ಕೆಜಿಗೆ ಎರಡು ರೂಪಾಯಿ ಇಳಿಸುತ್ತೇವೆ. ಆ ಎರಡು ರೂಪಾಯಿ ಹೋಗೋದು ಮೂಲೆಯಿಂದ. ಜನ ಕೂರುವ, ಭಾರ ಹೊರುವ ಗಾಡಿಗಾದರೂ ಕೆಜಿ ಲೆಕ್ಕ ಬಿಟ್ಟು ದಿನದ ಕೂಲಿ ಲೆಕ್ಕಕ್ಕೆ ಬನ್ನಿ. ಜೊತೆಗೆ ಒಂದು ಶರತ್ತು ಹಾಕಿ: ಬಣ್ಣ ಹೊಡೆಯುವ ಮುಂಚೆ ಮೂಲೆ ತೋರಿಸಬೇಕು. ಪುಟ್ಟಿ ಮೆತ್ತಿದ ಟ್ರೈಲರನ್ನು ತಗೊಳ್ಳಬೇಡಿ.

ಎರಡನೆಯದು ಕಲಿಕೆ. 2022ರಲ್ಲಿ ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ಒಳ್ಳೆಯದೇ. ಆದರೆ ಐಟಿಐಯ ವೆಲ್ಡರ್ ಕೋರ್ಸು ಒಂದು ವರ್ಷದ್ದು. ಶೆಡ್ಡಿನಲ್ಲಿ ದುಡಿದು ಮನೆ ಸಾಕುವವನು ವರ್ಷ ಕೂರಲಾರ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ, ವೆಲ್ಡಿಂಗ್ ಅಂತ ಬೇರೆ ಹೆಸರಿಲ್ಲ. ಕುಲುಮೆ ಆರಿಸಿ ವೆಲ್ಡಿಂಗ್ ಮಷೀನ್ ತಂದವರು ನಮ್ಮೂರುಗಳಲ್ಲಿ ಎಷ್ಟು ಜನ ಇಲ್ಲ? ಕಡೂರು, ತರೀಕೆರೆ ಭಾಗದ ಐಟಿಐಗಳು ಹತ್ತು ಭಾನುವಾರ ಬಾಗಿಲು ತೆರೆದು, ದುಡಿಯುವ ವೆಲ್ಡರುಗಳಿಗೆ ಮೂಲೆ ಬೆಸೆಯೋದು, ಮುರಿದು ನೋಡೋದು ಇಷ್ಟನ್ನೇ ಕಲಿಸಲಿ. ಮಷೀನು ಇದೆ, ಮೇಷ್ಟ್ರಿದ್ದಾರೆ. ರಾಡಿನ ಖರ್ಚು ನಾವೇ ಹಾಕಿಕೊಳ್ಳುತ್ತೇವೆ ಅನ್ನುವವರೂ ಸಿಕ್ಕಾರು.

ಮೂರನೆಯದು ನಮ್ಮದು, ಸುದ್ದಿ ಬರೆಯುವವರದು. ಮೆಚ್ಚಿ ಬರೆಯಲು ಇಪ್ಪತ್ತು ನಿಮಿಷ ಸಾಕು, ಕೆಳಗೆ ಬಗ್ಗಿ ನೋಡಲು ಇನ್ನು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ನಾನು ಇಷ್ಟು ವರ್ಷ ಉಳಿಸಿಕೊಂಡೆ. ಚಿಕ್ಕಪ್ಪನ ಕಾಲು ನೋಡಿದವನಾಗಿಯೂ ಉಳಿಸಿಕೊಂಡೆ. ನಾನು ಹೊಗಳಿ ಬರೆದ ಆ ಮೂರು ಚಕ್ರದ ಗಾಡಿ ಈಗಲೂ ಕಡೂರಿನ ಹತ್ತಿರ ಓಡುತ್ತಿದೆ. ಮೊನ್ನೆ ಹೋಗಿ ನೋಡಿದೆ. ಹಿಂದಿನ ಎಡಮೂಲೆಯಲ್ಲಿ ಬಣ್ಣ ಸೀಳಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಇತ್ತು. ಗಾಡಿಯವರಿಗೆ ತೋರಿಸಿದೆ. ಬಿಚ್ಚಿ ಮತ್ತೆ ಬೆಸೆಸುತ್ತೇನೆ ಅಂದಿದ್ದಾರೆ. ನಿಮ್ಮ ಮನೆಯಲ್ಲೂ ಟ್ರೈಲರ್ ಇದ್ದರೆ ಇವತ್ತೇ ಹೋಗಿ ಆ ಗೆರೆ ಹುಡುಕಿ. ಬಣ್ಣದ ಮೇಲೆ ತುಕ್ಕಿನ ಗೆರೆ ಕಂಡರೆ ಒಳಗೆ ಬಿರುಕಿದೆ ಅಂತಲೇ ತಿಳಿದು, ಭಾರ ಹೇರೋದು ನಿಲ್ಲಿಸಿ.

ಹುಡುಗ ಹೋದ ವಾರ ಫೋನ್ ಮಾಡಿದ್ದ. ಆರು ಮಾದರಿ ಮೂಲೆ ಬೆಸೆದು ಮುರಿದನಂತೆ. ನಾಲ್ಕು ಬಿಟ್ಟುಕೊಂಡವು, ಕೊನೆಯ ಎರಡು ಹಿಡಿದವು. ಈಗ ಚಾಸಿಯ ಮುಂಭಾಗವನ್ನು ಪೂರ್ತಿ ಕೊಯ್ದು ತೆಗೆದಿದ್ದಾನೆ. ಪೈಪುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದ ಫೋಟೋ ಕಳಿಸಿದ್ದಾನೆ. ಪುಟ್ಟಿ ಡಬ್ಬಿಯನ್ನು ಅವರಮ್ಮ ಮಣ್ಣೆಣ್ಣೆ ಬುಡ್ಡಿಯ ಪಕ್ಕ ಅಟ್ಟದ ಮೇಲೆ ಇಟ್ಟರಂತೆ.

ಸುದ್ದಿ ಯಾವಾಗ ಬರುತ್ತೆ ಅಂತ ಮಾತ್ರ ಕೇಳುತ್ತಲೇ ಇದ್ದಾನೆ. ಮುಗಿಸು, ಇನ್ನೊಂದು ಸಲ ಗೋಣಿಚೀಲ ಹಾಸಿ ಕೆಳಗೆ ಮಲಗಿ ನೋಡುತ್ತೇನೆ, ಆಮೇಲೆ ಬರೆಯುತ್ತೇನೆ ಅಂದಿದ್ದೇನೆ.